24×12 ಕ್ಯಾನ್ವಾಸ್ ಡೇರೆ, ದುರ್ಗದ ಗಾಳಿ: ಗೂಟ ನಿಲ್ತಿಲ್ಲ, ಹೊಲಿಗೆ ಸೋರ್ತಿದೆ

ಗರಸು_ಹೊಲ
ನಮಸ್ಕಾರ ಎಲ್ರಿಗೂ. ಮಕ್ಕಳ ಬೇಸಿಗೆ ಶಿಬಿರಕ್ಕೆ ಹೊಸ ಕ್ಯಾನ್ವಾಸ್ ಡೇರೆ ಬಂದಿದೆ. ಉದ್ದ 24 ಅಡಿ, ಅಗಲ 12, ಎರಡು ನಡುಗಂಬ 9 ಅಡಿಯವು, ಮೇಲೆ ಅಡ್ಡತೊಲೆ, ಪಕ್ಕದ ಗೋಡೆ 5 ಅಡಿ. ಬಟ್ಟೆ ಪೂರಾ ಹತ್ತಿ, ಚದರ ಮೀಟರಿಗೆ 380 ಗ್ರಾಂ ತೂಕ, ಅಂದ್ರೆ 380 ಜಿಎಸ್‌ಎಂ. ಜಾಗ ಚಿತ್ರದುರ್ಗದ ಹೊರಗೆ, ಗರಸು ನೆಲ, ಸುತ್ತ ಬಯಲು.

ಭರಣಿ ಮಳೆ ಒಂದು ಸಲ ಹೊಡೆದಿದ್ದಕ್ಕೇ ಮೂರು ತೊಂದರೆ: ಹೊಲಿಗೆ ಉದ್ದಕ್ಕೂ ನೀರು ತೊಟ್ಟಿಕ್ಕಿತು. ಪಡುವಣ ಕಡೆಯ ಗೂಟ ನಾಲ್ಕು ಕಿತ್ತು ಬಂದವು. ಬೆಳಿಗ್ಗೆ ನೋಡಿದ್ರೆ ಹಗ್ಗ ತಂತಿ ಹಂಗೆ ಬಿಗಿದು ಒಂದು ಬಳೆ (ಹಗ್ಗ ಕಟ್ಟೋ ತೂತಿನ ಲೋಹದ ಉಂಗುರ) ಬಟ್ಟೆ ಸಮೇತ ಹರಿದಿದೆ.

ಡೇರೆ ವಾಪಸ್ ಕೊಡೋದಾ? ಮೇಲೆ ನೀಲಿ ತಾಡಪಾಲು ಹೊದಿಸಿದ್ರೆ ಸಾಕಾ? ಶಿಬಿರಕ್ಕೆ ಹತ್ತು ದಿನ ಇದೆ.

ಮಂಡಕ್ಕಿ_ಮೆಣಸಿನಕಾಯಿ
ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಂತಿರೋ ಊರಲ್ಲಿ ಡೇರೆ ಹಾಕಿ ಗಾಳಿ ಜಾಸ್ತಿ ಅಂತೀರಲ್ಲಣ್ಣ 😄 ದಾವಣಗೆರೆಗೆ ಬನ್ರಿ.

ದಬ್ಬಳ_ದಾರ
ವಾಪಸ್ ಕೊಡ್ಬೇಡಿ. ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಹೊಲಿಗೆಯಲ್ಲಿ ಸೋರೋದು ಸಹಜ. ಸೂಜಿ ಹೋದ ಕಡೆಯೆಲ್ಲ ತೂತು ದಾರಕ್ಕಿಂತ ದೊಡ್ಡದಿರುತ್ತೆ. ನೀರು ಕುಡಿದು ನೂಲೂ ದಾರವೂ ಉಬ್ಬಿದಾಗ ಆ ತೂತು ಮುಚ್ಚಿಕೊಳ್ಳುತ್ತೆ. ಅದಕ್ಕೇ ಬಳಸೋ ಮೊದಲು ಡೇರೆನ ಹದ ಮಾಡ್ಬೇಕು.

ಪೂರ್ತಿ ಎತ್ತಿ ನಿಲ್ಲಿಸಿ. ಪೈಪ್ ಹಿಡಿದು ಚಾವಣಿ, ಗೋಡೆ, ಮೂಲೆ, ಅದರಲ್ಲೂ ಹೊಲಿಗೆ ಉದ್ದಕ್ಕೂ, ಬಟ್ಟೆ ಬಣ್ಣ ಗಾಢ ಆಗೋವರೆಗೂ ನೆನೆಸಿ. ಹಂಗೇ ನಿಂತಲ್ಲೇ ಪೂರ್ತಿ ಒಣಗಲಿ. ಮತ್ತೆ ನೆನೆಸಿ, ಮತ್ತೆ ಒಣಗಿಸಿ. ಮೂರು ಸುತ್ತು ಆಗ್ಲಿ. ಈ ಬಿಸಿಲಿಗೆ ದಿನಕ್ಕೊಂದು ಸುತ್ತು ಆರಾಮ. ನಿಮ್ಮ ಮಳೆ ಒಂದು ಸುತ್ತು ಮಾಡಿಕೊಟ್ಟಿದೆ, ಇನ್ನೆರಡು ಮಾಡಿ.

ಒಂದು ಪರೀಕ್ಷೆ: ಒಳಗಡೆ ಎಲ್ಲಾದ್ರೂ ಬಿಟ್ಟ ದಾರದ ತುದಿ ಅರ್ಧ ಇಂಚು ಕತ್ತರಿಸಿ, ಡೇರೆಯಿಂದ ದೂರ ಹೋಗಿ ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಆದ್ರೆ ಹತ್ತಿ ದಾರ. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ದಾರ ಉಬ್ಬಲ್ಲ, ಬಟ್ಟೆ ಉಬ್ಬಿದಷ್ಟೇ ತೂತು ಮುಚ್ಚುತ್ತೆ. ಆವಾಗ ಹದ ಮಾಡಿದ ಮೇಲೂ ಸೋರೋ ಜಾಗಕ್ಕೆ ಹೊರಗಿಂದ ಜೇನುಮೇಣದ ಗಟ್ಟಿ ಉಜ್ಜಿ, ಬಿಸಿಲಿಗೆ ಬಿಡಿ. ಮೇಣ ಮೆತ್ತಗಾಗಿ ಒಳಗೆ ಇಳಿಯುತ್ತೆ.

ಸುಮ್ನೆ_ಓದೋನು
ಬಟ್ಟೆಗೆ ಗಂಜಿ ಹಾಕಿದ್ರೆ? ಚಳ್ಳಕೆರೆ ಕಡೆ ಕಂಬಳಿ ನೇಯುವಾಗ ಹುಣಸೆಬೀಜದ ಗಂಜಿ ಹಾಕ್ತಾರಲ್ಲ, ಕಂಬಳಿ ಮಳೆಗೂ ತಡೆಯುತ್ತೆ.

ದಬ್ಬಳ_ದಾರ
ಬೇಡವೇ ಬೇಡ. ಕಂಬಳಿ ತಡೆಯೋದು ಉಣ್ಣೆಯ ಗುಣದಿಂದ, ಗಂಜಿಯಿಂದ ಅಲ್ಲ. ಗಂಜಿ ಹಾಕೋದು ನೂಲು ಗಟ್ಟಿಯಾಗಿ ನಿಲ್ಲಲಿ ಅಂತ. ಹತ್ತಿ ಡೇರೆಗೆ ಗಂಜಿ ಬಳಿದ್ರೆ ಬೂಷ್ಟಿಗೆ ಊಟ ಬಡಿಸಿದಂಗೆ.

ಹಗ್ಗ_ಗೂಟ
ಗೂಟ ಮತ್ತು ಹಗ್ಗದ ವಿಚಾರಕ್ಕೆ ಬರೋಣ, ಅಸಲಿ ರೋಗ ಅಲ್ಲೇ ಇರೋದು. ಡೇರೆ ಜೊತೆ ಬಂದಿರೋ ಗೂಟ ಒಂದು ಅಡಿಯವು ಇರಬೇಕು, ಸರಿನಾ? ಅವು ಗೋಡೆಯ ಕೆಳ ಅಂಚಿಗೆ ಸರಿ, ಮೇಲಿನ ಹಗ್ಗಕ್ಕೆ ಅಲ್ಲ.

ಲೆಕ್ಕ ಹೀಗಿದೆ. 24 ಅಡಿ ಉದ್ದಕ್ಕೆ 4 ಅಡಿಗೊಂದು ಹಗ್ಗ ಅಂದ್ರೆ ಒಂದು ಮಗ್ಗುಲಿಗೆ ಮೂಲೆ ಸೇರಿ 7, ಎರಡೂ ಕಡೆ 14. ಎರಡು ತುದಿಗೆ ಎರಡೆರಡು ದೊಡ್ಡ ಹಗ್ಗ, 4. ಒಟ್ಟು 18 ದೊಡ್ಡ ಗೂಟ. ಕೆಳ ಅಂಚಿಗೆ 2 ಅಡಿಗೊಂದರಂತೆ 36 ಸಣ್ಣವು. ದೊಡ್ಡವು ನಾಲ್ಕು ಜಾಸ್ತಿ ಇರಲಿ. ದೊಡ್ಡ ಗೂಟಕ್ಕೆ ಅಂಗಡಿ ಹುಡುಕ್ಬೇಡಿ: ಮನೆ ಕಟ್ಟೋ ಟಿಎಂಟಿ ಸರಳು 12 ಎಂಎಂ, ತುದಿಗಳಿಗೆ 2 ಅಡಿ, ಮಗ್ಗುಲಿಗೆ ಒಂದೂವರೆ ಅಡಿ. ವೆಲ್ಡಿಂಗ್‌ನವರ ಹತ್ರ ತಲೆ ಬಾಗಿಸಿ ಕೊಕ್ಕೆ ಮಾಡಿಸಿ, ಬುಡ ಚೂಪು ಮಾಡಿಸಿ.

ಗರಸು ನೆಲದಲ್ಲಿ ನೇರ ಸುತ್ತಿಗೆ ಹೊಡೆದ್ರೆ ಸರಳು ಕಲ್ಲಿಗೆ ತಾಗಿ ಓರೆ ಆಗುತ್ತೆ, ಸುತ್ತಲ ಗರಸು ಸಡಿಲ ಆಗುತ್ತೆ, ರಾತ್ರಿ ಗಾಳಿಗೆ ಅಲ್ಲಾಡಿ ಮೇಲೆ ಬರುತ್ತೆ. ನಿಮಗೆ ಆಗಿದ್ದು ಇದೇ. ಮೊದಲು ಹಾರೆಯಿಂದ ಒಂದು ಅಡಿ ತೂತು ತೆಗೀರಿ, ಆಮೇಲೆ ಸರಳು ಇಳಿಸಿ. ತಲೆ ಡೇರೆಯಿಂದ ಆಚೆಗೆ ವಾಲಿರ್ಬೇಕು, 45 ಡಿಗ್ರಿ.

ಜೋಗಿಮಟ್ಟಿ_ಗಾಳಿ
ಎಲ್ಲಾ ಸರಿ, ಆ 45 ಡಿಗ್ರಿ ತಪ್ಪು. 2 ಅಡಿ ಸರಳನ್ನ 45ಕ್ಕೆ ಹೊಡೆದ್ರೆ ನೆಲದೊಳಗೆ ಆಳ ಸಿಗೋದು 17 ಇಂಚು ಮಾತ್ರ. ಮೇಲ್ಮಣ್ಣು ಸಡಿಲ ಇರೋ ಕಡೆ ಆಳವೇ ಮುಖ್ಯ. 15ರಿಂದ 20 ಡಿಗ್ರಿ ವಾಲಿದ್ರೆ ಸಾಕು, ಸುಮಾರು 23 ಇಂಚು ಆಳ ಸಿಗುತ್ತೆ. 45 ಡಿಗ್ರಿ ಅನ್ನೋದು ಹಗ್ಗದ ಲೆಕ್ಕ, ಗೂಟದ್ದಲ್ಲ.

ಹಗ್ಗ_ಗೂಟ
ಒಪ್ಪಿದೆ, ಎರಡನ್ನೂ ಕಲಸಿಬಿಟ್ಟೆ. ಹಗ್ಗ ನೆಲಕ್ಕೆ 45 ಡಿಗ್ರಿ: 9 ಅಡಿ ಕಂಬಕ್ಕೆ ಗೂಟ ಕಂಬದ ಬುಡದಿಂದ 9 ಅಡಿ ದೂರ. ಬಯಲಿನ ಗಾಳಿಗೆ ಅದನ್ನ 13 ಅಡಿಗೆ ಒಯ್ಯಿರಿ. ಹಗ್ಗ ಮಲಗಿದಷ್ಟೂ ಗೂಟವನ್ನ ಮೇಲಕ್ಕೆ ಎಳೆಯೋ ಬಲ ಕಡಿಮೆ.

ಎರೆಹೊಲ_ಹರಿಹರ
ಗರಸಿನ್ಯಾಗ ಇಷ್ಟು ಒದ್ದಾಟ ಅಂದ್ರ ನಮ್ಮ ಎರೆ ಭೂಮಿಗೆ ಬಂದ್ರ ಏನ್ ಮಾಡ್ತೀರಿ? ಒಣಗಿದಾಗ ಕಬ್ಬಿಣ, ನೆಂದಾಗ ಬೆಣ್ಣಿ. 2 ಅಡಿ ಸರಳೂ ಮಳಿ ಬಿದ್ದ ಮ್ಯಾಲೆ ಕೈಲಿ ಕಿತ್ತು ಬರ್ತೈತಿ. ಎರೆಯೊಳಗ ಸರಳು ನಂಬಬ್ಯಾಡ್ರಿ, ಹೂಳ್ರಿ. ಎರಡು ಅಡಿ ಉದ್ದದ ಜಾಲಿ ಕಟಗಿ ತುಂಡು, ತೋಳಿನ ದಪ್ಪ. ಹಗ್ಗ ಎಳೆಯೋ ದಿಕ್ಕಿಗೆ ಅಡ್ಡಲಾಗಿ ಒಂದೂವರೆ ಅಡಿ ಗುಂಡಿ ತೋಡಿ, ತುಂಡಿನ ನಡುವಿಗೆ ಹಗ್ಗ ಬಿಗಿದು ಮಲಗಿಸಿ, ಹಗ್ಗ ಹೊರಗ ಬರಾಕ ಸಣ್ಣ ಓರೆ ಕಾಲುವಿ ಕಡದು, ಮಣ್ಣು ಮುಚ್ಚಿ ತುಳೀರಿ. ಕಟಗಿ ಇಲ್ಲಾಂದ್ರ ಕಲ್ಲು ತುಂಬಿದ ಗೋಣಿಚೀಲ.

ಇನ್ನೊಂದು, ನಡುಗಂಬದ ಬುಡಕ್ಕ ಒಂದು ಅಡಿ ಚೌಕದ ಹಲಗಿ ಅಥವಾ ಚಪ್ಪಡಿ ಕಲ್ಲು ಇಡ್ರಿ. ಇಲ್ಲಾಂದ್ರ ಕಂಬ ಎರೆಯೊಳಗ ಇಳಿದು ಚಾವಣಿ ಜೋಲು ಬೀಳ್ತದ, ಜೋಲು ಬಿದ್ದಲ್ಲಿ ನೀರು ನಿಲ್ತದ, ನೀರಿನ ಭಾರಕ್ಕ ಬಟ್ಟಿ ಹರೀತದ.

ಮಂಡಕ್ಕಿ_ಮೆಣಸಿನಕಾಯಿ
"ನೆಂದಾಗ ಬೆಣ್ಣಿ." ಅದಕ್ಕೇ ನಮ್ಮೂರ ದೋಸೆ ಹಂಗಿರೋದು.

ಕೋಟೆ_ಏಳುಸುತ್ತು
ಬೆಣ್ಣೆದೋಸೆ ಜಂಬ ಬಿಡಣ್ಣ. 1997ರ ತನಕ ನೀವೂ ಚಿತ್ರದುರ್ಗ ಜಿಲ್ಲೆಯವರೇ.

ಮಂಡಕ್ಕಿ_ಮೆಣಸಿನಕಾಯಿ
ಜಿಲ್ಲೆ ನಿಮ್ಮದಿತ್ತು, ಹತ್ತಿ ಮಿಲ್ಲು ನಮ್ಮದಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಸುಮ್ನೆ ಕರೀತಿದ್ರಾ?

ಅಡ್ಮಿನ್
ದೋಸೆ, ಜಿಲ್ಲೆ ವಿಭಜನೆ ಬೇರೆ ಕಡೆ. ಇಲ್ಲಿ ಡೇರೆ.

ಸುಮ್ನೆ_ಓದೋನು
ಡೇರೆನಾ, ಗುಡಾರನಾ, ಶಾಮಿಯಾನನಾ? ಮೂರೂ ಒಂದೇ ಅಲ್ವಾ?

ಕೋಟೆ_ಏಳುಸುತ್ತು
ಶಾಮಿಯಾನಕ್ಕೆ ಬರೀ ಚಾವಣಿ, ಮದುವೆ ಊಟಕ್ಕೆ ಹಾಕೋದು. ಡೇರೆ, ಗುಡಾರಕ್ಕೆ ಗೋಡೆ ಇರುತ್ತೆ, ಒಳಗೆ ಮಲಗಬಹುದು. ಈ ವ್ಯತ್ಯಾಸ ಬರೀ ಮಾತಿಂದಲ್ಲ. ಶಾಮಿಯಾನದ ಕೆಳಗೆ ಗಾಳಿ ಹಾದು ಹೋಗುತ್ತೆ, ಗೋಡೆ ಕಟ್ಟಿದ ಡೇರೆ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತೆ. ಹಂಗಾಗಿ ಪೆಂಡಾಲ್‌ನವರು ಸಣ್ಣ ಗೂಟದಲ್ಲಿ ನಿಭಾಯಿಸ್ತಾರೆ ಅಂತ ನೀವೂ ಅದೇ ಹೊಡೆದ್ರೆ ಆಗಲ್ಲ.

ಗರಸು_ಹೊಲ
ಹಗ್ಗದ್ದು ಯಾರೂ ಹೇಳಲಿಲ್ಲ. ಸಂಜೆ ಸರಿಯಾಗೇ ಕಟ್ಟಿದ್ದು, ಬೆಳಿಗ್ಗೆ ಬಳೆ ಹರಿದಿತ್ತು. ನೈಲಾನ್‌ಗೆ ಬದಲಾಯಿಸಲಾ?

ಹಗ್ಗ_ಗೂಟ
ನಿಮ್ಮದು ಹತ್ತಿ ಅಥವಾ ನಾರಿನ ಹಗ್ಗ ಇರಬೇಕು. ನೆಂದ್ರೆ ಅದು ದಪ್ಪ ಆಗಿ ಉದ್ದ ಕುಗ್ಗುತ್ತೆ. ಕ್ಯಾನ್ವಾಸೂ ನೆಂದಾಗ ಬಿಗಿಯುತ್ತೆ. ಎರಡೂ ಕಡೆಯಿಂದ ಎಳೆದಾಗ ದುರ್ಬಲ ಇರೋದು ಕೊಡುತ್ತೆ. ಒಂದೋ ಗೂಟ, ಇಲ್ಲ ಬಳೆ. ಅದಕ್ಕೆ ಮಳೆ ಮೋಡ ಕಂಡ್ರೆ, ಮತ್ತೆ ಪ್ರತಿ ರಾತ್ರಿ ಮಲಗೋ ಮುಂಚೆ, ಎಲ್ಲಾ ಹಗ್ಗ ಒಂದಿಷ್ಟು ಸಡಿಲ ಮಾಡಿ. ಹಗ್ಗದ ನಡುವೆ ಕೈಯಿಟ್ಟು ಒತ್ತಿದ್ರೆ ಒಂದು ಗೇಣು ಬಗ್ಗಬೇಕು. ಬೆಳಿಗ್ಗೆ ಒಣಗಿದ ಮೇಲೆ ಮತ್ತೆ ಬಿಗಿ. ಎರಡು ತೂತಿನ ಮರದ ಪಟ್ಟಿ ಹಗ್ಗಕ್ಕೆ ಪೋಣಿಸಿದ್ರೆ ಜಾರಿಸಿದ್ರಾಯ್ತು, ಗಂಟು ಬಿಚ್ಚೋ ಕೆಲಸ ಇಲ್ಲ.

ನೈಲಾನ್ ಉಲ್ಟಾ, ನೆಂದಾಗ ಹಿಗ್ಗುತ್ತೆ. ಚಾವಣಿ ಜೋಲು ಬಿದ್ದು ನೀರು ನಿಲ್ಲುತ್ತೆ. ಅಂಗಡಿಯಲ್ಲಿ ಸಿಗೋ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗವಂತೂ ಬಿಸಿಲಿಗೆ ಪುಡಿ ಪುಡಿ, ಗಂಟೂ ಜಾರುತ್ತೆ. ತುದಿಯ ನಾಲ್ಕು ದೊಡ್ಡ ಹಗ್ಗಕ್ಕೆ 12 ಎಂಎಂ ಮನಿಲಾ (ನಾರಿನ ಹಗ್ಗ), ಮಗ್ಗುಲಿಗೆ 8 ಎಂಎಂ ಸಾಕು. ಪಾಲಿಯೆಸ್ಟರ್ ಹೆಣಿಗೆ ಹಗ್ಗ ಸಿಕ್ಕಿದ್ರೆ ಇನ್ನೂ ಒಳ್ಳೇದು, ನೆಂದ್ರೂ ಹೆಚ್ಚು ವ್ಯತ್ಯಾಸ ಇಲ್ಲ.

ದಬ್ಬಳ_ದಾರ
ಹರಿದ ಬಳೆಗೆ: ಹರಿದಲ್ಲೇ ಹೊಸ ಬಳೆ ಹೊಡೀಬೇಡಿ, ಮತ್ತೆ ಹರಿಯುತ್ತೆ. ಅದೇ ದಪ್ಪದ ಹತ್ತಿ ಕ್ಯಾನ್ವಾಸ್ ತುಂಡು, ಹರಿದ ಜಾಗಕ್ಕಿಂತ ಸುತ್ತ 2 ಇಂಚು ದೊಡ್ಡದು, ಮೂಲೆಗಳನ್ನ ದುಂಡಗೆ ಕತ್ತರಿಸಿ (ಚೂಪು ಮೂಲೆಯಿಂದಲೇ ತೇಪೆ ಏಳೋದು). ಒಳಗೊಂದು, ಹೊರಗೊಂದು. ಅಂಚು ಮಡಚಿ ಎರಡು ಸಾಲು ಹೊಲಿಗೆ, ದಬ್ಬಳದಲ್ಲಿ ಮೇಣ ಹಚ್ಚಿದ ಹತ್ತಿ ದಾರ. ಆಮೇಲೆ ಬಳೆ, ಹಿತ್ತಾಳೆಯದು. ಕಬ್ಬಿಣದ ಬಳೆ ತುಕ್ಕು ಹಿಡಿದ್ರೆ ಸುತ್ತಲ ಹತ್ತಿಯನ್ನೂ ತಿಂದು ಹಾಕುತ್ತೆ.

ಸುಮ್ನೆ_ಓದೋನು
ತಾಡಪಾಲು ಹೊದಿಸೋದು ಸುಲಭ ಅಲ್ವಾ, ಇಷ್ಟೆಲ್ಲಾ ಯಾಕೆ?

ಜೋಗಿಮಟ್ಟಿ_ಗಾಳಿ
ಬಟ್ಟೆಗೆ ಅಂಟಿಸಿ ಹೊದಿಸಿದ್ರೆ ಹತ್ತಿ ಡೇರೆ ತಂದ ಉದ್ದೇಶವೇ ಹಾಳು. ಹತ್ತಿ ಉಸಿರಾಡುತ್ತೆ, ಅದಕ್ಕೇ ಒಳಗೆ ತಡೆದುಕೊಳ್ಳಬಹುದು. ಮೇಲೆ ಪ್ಲಾಸ್ಟಿಕ್ ಬಿತ್ತೋ, ಒಳಗಿನ ಜನರ ಉಸಿರಿನ ತೇವ ಪ್ಲಾಸ್ಟಿಕ್ ಕೆಳಗೆ ನೀರಾಗಿ ಕೂರುತ್ತೆ, ಬಟ್ಟೆ ಒಣಗೋದೇ ಇಲ್ಲ, ಎರಡು ದಿನದಲ್ಲಿ ಬೂಷ್ಟು. ಹೊದಿಸಲೇಬೇಕು ಅಂದ್ರೆ ಬೇರೆ ಅಡ್ಡತೊಲೆ ಹಾಕಿ ಚಾವಣಿಗೂ ಅದಕ್ಕೂ ಒಂದು ಅಡಿ ಅಂತರ ಬಿಡಿ, ಅದಕ್ಕೆ ಬೇರೆ ಹಗ್ಗ, ಬೇರೆ ಗೂಟ. ಮೇ ತಿಂಗಳ ಬಿಸಿಲಿಗೆ ಆ ಅಂತರ ನೆರಳಾಗಿಯೂ ಕೆಲಸ ಮಾಡುತ್ತೆ. ಆದ್ರೆ ಗಾಳಿ ಎದ್ರೆ ಮೊದಲು ಬಿಚ್ಚೋದು ಅದನ್ನೇ.

ಎರೆಹೊಲ_ಹರಿಹರ
ಇದಕ್ಕ ನನ್ನ ತಕರಾರು ಐತಿ. ನೆಲಕ್ಕ ಹಾಸೋ ಪ್ಲಾಸ್ಟಿಕ್ ತಾಡಪಾಲು ಬೇಕೇ ಬೇಕು. ಆದ್ರ ಅದು ಗ್ವಾಡಿಯಿಂದ ಹೊರಗ ಒಂದ್ ಇಂಚೂ ಚಾಚಬಾರದು. ಚಾಚಿದ್ರ ಚಾವಣಿ ನೀರೆಲ್ಲ ಅದರ ಮ್ಯಾಲೆ ಬಿದ್ದು ಒಳಗ ಬರ್ತದ.

ಜೋಗಿಮಟ್ಟಿ_ಗಾಳಿ
ಅದು ತಕರಾರಲ್ಲ, ಒಪ್ಪಿಗೆ 😄 ನಾನು ಚಾವಣಿ ಬಗ್ಗೆ ಹೇಳಿದ್ದು.

ಹಗ್ಗ_ಗೂಟ
ಎತ್ತೋ ಕ್ರಮ ಸಂಕ್ಷಿಪ್ತವಾಗಿ, ಯಾಕಂದ್ರೆ ಅರ್ಧ ತಪ್ಪು ಇಲ್ಲೇ ಆಗೋದು.

ಮರದ ಕೆಳಗೆ ಬೇಡ. ಹುಣಸೆ, ಬೇವು ಯಾವುದೇ ಇರಲಿ. ಕೊಂಬೆ, ಹಕ್ಕಿ ಹಿಕ್ಕೆ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕೋ ನೀರು, ಸಿಡಿಲು. ನಾಲ್ಕು ಮೂಲೆ ಗುರುತು ಹಾಕಿ ಕರ್ಣ ಅಳೀರಿ: 24×12ಕ್ಕೆ ಎರಡೂ ಕರ್ಣ 26 ಅಡಿ 10 ಇಂಚು ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಆದ್ರೆ ಚಾವಣಿ ಸುಕ್ಕು ಬಿದ್ದೇ ಬೀಳುತ್ತೆ, ಎಷ್ಟು ಎಳೆದ್ರೂ ಹೋಗಲ್ಲ. ಕಿರಿದಾದ ತುದಿ ಗಾಳಿ ದಿಕ್ಕಿಗೆ. ನಮ್ಮಲ್ಲಿ ಮುಂಗಾರು ಗಾಳಿ ಪಡುವಣದಿಂದ, ಬಾಗಿಲು ಮೂಡಣಕ್ಕಿರಲಿ. (ಭರಣಿ, ಕೃತ್ತಿಕೆ ಮಳೆಯ ಬಿರುಗಾಳಿಗೆ ದಿಕ್ಕೇ ಇಲ್ಲ, ಅದಕ್ಕೆ ಎಲ್ಲಾ ಕಡೆ ಗೂಟ ಗಟ್ಟಿ ಇರಬೇಕು.)

ಬಾಗಿಲು ಕಟ್ಟಿಯೇ ಎತ್ತಿ. ತೆರೆದಿಟ್ಟು ಗೂಟ ಹೊಡೆದ್ರೆ ಆಮೇಲೆ ಬಾಗಿಲು ಕೂಡಲ್ಲ. ಅಡ್ಡತೊಲೆ ಪೋಣಿಸಿ, ಕಂಬದ ಮೊಳೆ ಬಳೆಯಲ್ಲಿ ಕೂರಿಸಿ, ಇಬ್ಬರು ಎರಡೂ ಕಂಬ ಒಟ್ಟಿಗೆ ಎತ್ತಬೇಕು, ನಾಲ್ವರು ತುದಿಯ ಹಗ್ಗ ಹಿಡಿದಿರಬೇಕು. ಆರು ಜನ ಇಲ್ಲದೆ ಕೈ ಹಾಕ್ಬೇಡಿ. ಮೊದಲು ತುದಿಯ ನಾಲ್ಕು, ಆಮೇಲೆ ಮೂಲೆ, ಆಮೇಲೆ ಎದುರುಬದುರು ಜೋಡಿಯಾಗಿ ಮಗ್ಗುಲು. ಒಂದೇ ಮಗ್ಗುಲು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದ್ರೆ ಕಂಬ ವಾಲುತ್ತೆ. ಗೋಡೆಯ ಸಣ್ಣ ಗೂಟ ಕೊನೆಗೆ.

ಸುತ್ತ ಒಂದು ಗೇಣು ಆಳದ ಕಾಲುವೆ, ಇಳಿಜಾರಿನ ಕಡೆ ಬಾಯಿ ಬಿಟ್ಟು. ತೆಗೆದ ಮಣ್ಣು ಹೊರಗೆ ಹಾಕಿ, ಗೋಡೆ ಬಟ್ಟೆಯ ಮೇಲೆ ಒಟ್ಟಬೇಡಿ. ಮಣ್ಣು ತಾಗಿದ ಅಂಚೇ ಮೊದಲು ಕೊಳೆಯೋದು, ಗೆದ್ದಲು ಹತ್ತೋದೂ ಅಲ್ಲೇ.

ಕೋಟೆ_ಏಳುಸುತ್ತು
ಬಂಡೆ ಮೇಲೆ ಹಾಕೋರಿಗೆ: ಹಗ್ಗ ಒಂದಕ್ಕೆ 40-50 ಕೆಜಿ ಕಲ್ಲಿನ ಚೀಲ. ಕೋಟೆ, ಚಂದ್ರವಳ್ಳಿ ಕಡೆ ಬಂಡೆಗೆ ಮೊಳೆ ಹೊಡೆಯೋ ಯೋಚನೆಯೂ ಬೇಡ, ಕೋಟೆ ಸಂರಕ್ಷಿತ ಸ್ಮಾರಕ. ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆ ಅನುಮತಿ ಬೇಕು.

ಗರಸು_ಹೊಲ
ನಮ್ಮದು ಸ್ವಂತ ಹೊಲ, ಆ ತಲೆನೋವಿಲ್ಲ. ಒಳಗೆ 16 ಮಕ್ಕಳು ಮಲಗ್ತಾರೆ. ರಾತ್ರಿ ಹಾಲು ಕಾಯಿಸೋಕೆ ಸಣ್ಣ ಗ್ಯಾಸ್ ಒಲೆ ಮೂಲೆಯಲ್ಲಿಟ್ರೆ?

ಹಗ್ಗ_ಗೂಟ
ಇಲ್ಲ.

ಜೋಗಿಮಟ್ಟಿ_ಗಾಳಿ
ಇಲ್ಲವೇ ಇಲ್ಲ. ಮೇಣ, ಎಣ್ಣೆ ಬಳಿದ ಕ್ಯಾನ್ವಾಸ್ ಹತ್ತಿಕೊಂಡ್ರೆ ಆರಿಸೋಕೆ ಸಮಯ ಸಿಗಲ್ಲ. ಅದು ಬಿಟ್ರೂ ನೆಂದ ಹತ್ತಿಯಲ್ಲಿ ರಂಧ್ರ ಮುಚ್ಚಿರುತ್ತೆ, ಬಾಗಿಲು ಕಟ್ಟಿರುತ್ತೆ. ಒಲೆ, ಇದ್ದಿಲು, ಸೊಳ್ಳೆ ಓಡಿಸೋ ಹೊಗೆಕುಂಡ ಯಾವುದೇ ಇರಲಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಅಡಿಗೆ ಡೇರೆಯಿಂದ ಕನಿಷ್ಠ 30 ಅಡಿ ದೂರ, ಗಾಳಿ ಹೋಗೋ ದಿಕ್ಕಿನಲ್ಲಿ. ಬಾಗಿಲ ಹತ್ರ ಎರಡು ಬಕೆಟ್ ಮರಳು. ಬೆಳಕಿಗೆ ಚಾರ್ಜ್ ಆಗೋ ಎಲ್‌ಇಡಿ.

ಇನ್ನೊಂದು: ಮಳೆ ಬರ್ತಿರುವಾಗ ಮಕ್ಕಳು ಒಳಗಿಂದ ಬಟ್ಟೆ ಮುಟ್ಟಬಾರದು. ಬೆರಳು ತಾಗಿದ ಕಡೆಯಿಂದಲೇ ನೀರು ಒಳಗೆ ಇಳಿಯೋಕೆ ಶುರು. ಹಾಸಿಗೆ, ಚೀಲ ಗೋಡೆಯಿಂದ ಒಂದು ಅಡಿ ದೂರ. ಬೆರಳು ತಾಗಿ ಸೋರ್ತಿದ್ರೆ ಅಲ್ಲಿಂದ ಗೋಡೆ ಬುಡದವರೆಗೂ ಬೆರಳಲ್ಲೇ ಗೆರೆ ಎಳೀರಿ, ನೀರು ಆ ಗೆರೆ ಹಿಡಿದು ಇಳಿಯುತ್ತೆ.

ಬಿರುಗಾಳಿಗೆ ಕಂಬ ಬಾಗೋದು ಕಂಡ್ರೆ ಮಕ್ಕಳನ್ನ ಗಟ್ಟಿ ಕಟ್ಟಡಕ್ಕೆ ಕಳಿಸಿ, ಕಂಬ ಇಳಿಸಿ ಡೇರೆ ನೆಲಕ್ಕೆ ಮಲಗಿಸಿ. ಡೇರೆ ಉಳಿಸೋಕೆ ಯಾರೂ ಕಂಬ ಹಿಡ್ಕೊಂಡು ನಿಲ್ಲಬಾರದು.

ಸುಮ್ನೆ_ಓದೋನು
ಶಿಬಿರ ಮುಗಿದ ಮೇಲೆ ಸೋಪಿನ ಪುಡಿ ಹಾಕಿ ಚೆನ್ನಾಗಿ ತೊಳೆದು ಮಡಚಿಡಿ.

ದಬ್ಬಳ_ದಾರ
ಅಯ್ಯೋ ಮಾರಾಯ್ರೇ! ಸೋಪಿನ ಪುಡಿ ಬಿದ್ದ ದಿನವೇ ನೀರು ತಡೆಯೋ ಲೇಪನ ಹೋಯ್ತು. ಪುಡಿಯ ಅಂಶ ನೂಲಲ್ಲಿ ಉಳಿದ್ರೆ ನೀರನ್ನ ಕರೆದು ಒಳಗೆ ಬಿಟ್ಕೊಳ್ಳುತ್ತೆ. ಕಾರು ತೊಳೆಯೋ ಒತ್ತಡದ ಪೈಪೂ ಬೇಡ, ಬ್ಲೀಚಿಂಗ್ ಅಂತೂ ಹತ್ತಿಯನ್ನೇ ತಿನ್ನುತ್ತೆ.

ಮಣ್ಣು ಒಣಗೋಕೆ ಬಿಡಿ, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ, ಉಳಿದದ್ದಕ್ಕೆ ಬರೀ ನೀರು. ಹಕ್ಕಿ ಹಿಕ್ಕೆನೂ ಹಂಗೇ, ಹಸಿ ಇದ್ದಾಗ ಉಜ್ಜಿದ್ರೆ ಒಳಗೆ ಇಳಿಯುತ್ತೆ. ಬೂಷ್ಟು ಚುಕ್ಕೆ ಕಂಡ್ರೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು, ಬ್ರಷ್‌ನಲ್ಲಿ ಹಚ್ಚಿ, ಬಿಸಿಲಿಗೆ ಒಣಗಿಸಿ, ಆಮೇಲೆ ನೀರು. ಬೂಷ್ಟು ಸಾಯುತ್ತೆ, ಕಪ್ಪು ಕಲೆ ಉಳಿಯಬಹುದು. ಕಲೆ ಇದ್ರೆ ಇರಲಿ, ಉಜ್ಜಿ ಉಜ್ಜಿ ಬಟ್ಟೆ ತೆಳ್ಳಗೆ ಮಾಡ್ಬೇಡಿ.

ಎರೆಹೊಲ_ಹರಿಹರ
ಲೇಪನ ಹೋದ್ರ ಸೋಪು-ಪಟಿಕದ ಹಳೇ ಪದ್ಧತಿ ಐತಲ್ರಿ, ಅದನ್ನ ಹೇಳ್ರಿ.

ದಬ್ಬಳ_ದಾರ
ಹೇಳ್ತೀನಿ. ನಿಮ್ಮ ಅಳತೆಯ ಚಾವಣಿ ಸುಮಾರು 346 ಚದರ ಅಡಿ, ಅಂದ್ರೆ 32 ಚದರ ಮೀಟರ್, 12 ಕೆಜಿ ಬಟ್ಟೆ. ಅರ್ಧ ಕೆಜಿ ಎಣ್ಣೆ ಸೋಪು ತುರಿದು 8 ಲೀಟರ್ ಬಿಸಿ ನೀರಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ ಕಾಲು ಕೆಜಿ ಪಟಿಕ, 8 ಲೀಟರ್ ಬಿಸಿ ನೀರು. ಕಿರಾಣಿ ಅಂಗಡಿಯಲ್ಲಿ ಆಲಂ ಅಂದ್ರೂ ಕೊಡ್ತಾರೆ. ನಿಂತ ಡೇರೆಯ ಚಾವಣಿಗೆ ಹೊರಗಿಂದ ಮೊದಲು ಸೋಪಿನ ನೀರು ಬ್ರಷ್‌ನಲ್ಲಿ ನೆನೆಯೋ ಹಂಗೆ ಹಚ್ಚಿ. ಕೈಗೆ ಅಂಟದಷ್ಟು ಆರಿದ ಮೇಲೆ ಪಟಿಕದ ನೀರು. ಎರಡೂ ಸೇರಿ ನೂಲಿನೊಳಗೇ ನೀರಲ್ಲಿ ಕರಗದ ಮೇಣದಂಥ ಪದಾರ್ಥ ಆಗುತ್ತೆ, ಅದು ನೀರು ತಡೆಯುತ್ತೆ. ಸಾಲದಿದ್ರೆ ಇದೇ ಅಳತೆಯಲ್ಲಿ ಇನ್ನೊಮ್ಮೆ ಕಲಸಿಕೊಳ್ಳಿ. ಎರಡನ್ನೂ ಒಂದೇ ಬಕೆಟ್‌ಗೆ ಸುರಿದ್ರೆ ಬಕೆಟ್‌ನಲ್ಲೇ ಮೊಸರು ಒಡೆದಂಗೆ ಒಡೆದು ಕೆಲಸ ಕೆಡುತ್ತೆ.

ಬಟ್ಟೆ ಒಗೆಯೋ ಡಿಟರ್ಜೆಂಟ್ ಬಿಲ್ಲೆ ನಡೆಯಲ್ಲ, ಅದು ಸೋಪಲ್ಲ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಕಂಪನಿಯಿಂದಲೇ ಸಿಲಿಕೋನ್ ಲೇಪನ ಬಂದಿದ್ರೆ ಇದು ಹಿಡಿಯಲ್ಲ, ಆಗ ಅಂಗಡಿಯ ಸಿಲಿಕೋನ್ ದ್ರವವೇ ಗತಿ.

ಕೋಟೆ_ಏಳುಸುತ್ತು
ಒಂದು ಸೇರಿಸ್ತೀನಿ: ನಮ್ಮ ಕಡೆ ಬೋರ್ ನೀರು ಗಡಸು, ಸೋಪು ನೊರೆಯೇ ಬರಲ್ಲ, ಬಿಳಿ ಗಸಿ ಕಟ್ಟುತ್ತೆ. ಅರ್ಧ ಸೋಪು ಅಲ್ಲೇ ವ್ಯರ್ಥ. ಮಳೆ ನೀರು ಹಿಡಿದಿಟ್ಟು ಮಾಡಿ.

ಮಂಡಕ್ಕಿ_ಮೆಣಸಿನಕಾಯಿ
ಇಲ್ಲಾಂದ್ರೆ ನಮ್ಮ ಭದ್ರಾ ಕಾಲುವೆ ನೀರು ಕ್ಯಾನಲ್ಲಿ ತಗೊಂಡು ಹೋಗಿ. ಜಿಲ್ಲೆ ಬೇರೆ ಆದ್ರೂ ನೀರು ಕೊಡ್ತೀವಿ.

ಹಗ್ಗ_ಗೂಟ
ಮಡಚೋ ವಿಚಾರ. ಡೇರೆ ಮಳೆಗೆ ಹಾಳಾಗಲ್ಲ, ಹಸಿ ಮಡಚಿದ್ರೆ ಹಾಳಾಗುತ್ತೆ. ಚಾವಣಿ ಒಣಗಿದ ತಕ್ಷಣ ಮೋಸ ಹೋಗ್ಬೇಡಿ. ಕೊನೆಗೆ ಒಣಗೋದು ಮೂರು ಪದರ ಇರೋ ಹೊಲಿಗೆ, ಕೆಳ ಅಂಚು, ಹಗ್ಗದ ಕುಣಿಕೆ. ಅವನ್ನ ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ರೆ ಇನ್ನೂ ತೇವ ಇದೆ. ಅನಿವಾರ್ಯವಾಗಿ ಹಸಿ ಮಡಚಿದ್ರೆ 24 ಗಂಟೆಯೊಳಗೆ ಬಿಚ್ಚಿ ಹರವಿ. ಆಳೂ ಜಾಸ್ತಿ ಬೇಕು: ನಿಮ್ಮ ಬಟ್ಟೆ ಒಣಗಿದಾಗ ಸುಮಾರು 27 ಕೆಜಿ, ನೆಂದ್ರೆ ಹತ್ತಿರ ಹತ್ತಿರ ಎರಡರಷ್ಟು.

ಪ್ರತಿ ಸಲ ಅದೇ ಗೆರೆಯಲ್ಲಿ ಮಡಚಬೇಡಿ, ಗೆರೆ ಹಿಡಿದು ಸೀಳುತ್ತೆ. ಸುರುಳಿ ಸುತ್ತಿ ಗೋಣಿ ಅಥವಾ ಹತ್ತಿ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಚೀಲ ಬೇಡ. ಗೂಟ ಬೇರೆ ಚೀಲದಲ್ಲಿ, ತುಕ್ಕು ತಾಗಬಾರದು. ನೆಲದಿಂದ ಅರ್ಧ ಅಡಿ ಮೇಲೆ ಹಲಗೆ ಮೇಲಿಡಿ, ಗೋಡೆಗೆ ತಾಗಿಸದೆ. ಗೊಬ್ಬರದ ಚೀಲ ಇಟ್ಟ ಕೋಣೆ ಬೇಡ, ಕಾಳಿನ ಚೀಲ ಇಟ್ಟ ಕೋಣೆಯಂತೂ ಬೇಡ.

ಎರೆಹೊಲ_ಹರಿಹರ
ಮೆಕ್ಕೆಜೋಳದ ಪಕ್ಕ ಇಟ್ರ ಇಲಿ ಡೇರಿಯೊಳಗ ಸಂಸಾರ ಹೂಡ್ತದ. ಎರಡು ತಿಂಗಳಿಗೊಮ್ಮೆ ಬಿಚ್ಚಿ ಬಿಸಿಲಿಗೆ ಹಾಕ್ರಿ.

ಗರಸು_ಹೊಲ
ಎಲ್ರಿಗೂ ಥ್ಯಾಂಕ್ಸ್. ದಾರ ಸುಟ್ಟು ನೋಡಿದ್ವಿ, ಬೂದಿ ಆಯ್ತು, ಹತ್ತಿಯೇ. ಸರಳು ಕತ್ತರಿಸೋಕೆ ಕೊಟ್ಟಿದೀವಿ, ನಾಳೆ ಎರಡನೇ ಸುತ್ತು ನೆನೆಸ್ತೀವಿ. ಒಂದೇ ಪ್ರಶ್ನೆ ಉಳೀತು: ಬೋರ್ ನೀರಲ್ಲಿ ನೆನೆಸಿದ್ರೆ ನಡೆಯುತ್ತಾ, ಗಡಸು ಅಂದ್ರಲ್ಲ?

ದಬ್ಬಳ_ದಾರ
ಹದ ಮಾಡೋಕೆ ಬೋರ್ ನೀರೇ ಸಾಕು, ಅಲ್ಲಿ ಸೋಪಿಲ್ಲ. ಒಣಗಿದ ಮೇಲೆ ಬಿಳಿ ಪುಡಿ ಕಂಡ್ರೆ ಬ್ರಷ್ ಆಡಿಸಿ. ಮತ್ತೆ, ನೆನೆಸೋ ಮೊದಲು ಹಗ್ಗ ಸಡಿಲ ಮಾಡಿ. ಇನ್ನೊಂದು ಬಳೆ ಹರಿದ್ಕೋಬೇಡಿ.